ಫೈಬರ್ ಬೋಟ್ ದಣಿಯುತ್ತದೆ, ಬಿರುಕು ಕಾಣುವ ಮೊದಲೇ

ಪ್ರಶ್ನೆ: ನಾನು ವಾಸ್ಕೋದಲ್ಲಿದ್ದೇನೆ, ಊರು ಹಾವೇರಿ ಕಡೆ. 24 ಅಡಿಯ ಫೈಬರ್ ಬೋಟ್ ಇದೆ. ಪ್ರವಾಸಿಗರಿಗೆ ಡಾಲ್ಫಿನ್ ತೋರಿಸಲು ಓಡಿಸುತ್ತೇನೆ. ಎಂಟು ವರ್ಷ ಹಳೆಯದು. ಈ ಮಳೆಗಾಲಕ್ಕೆ ಮೇಲೆ ಎಳೆದಾಗ ಮುಂಭಾಗದ ತಳದಲ್ಲಿ ಕೂದಲೆಳೆಯಂಥ ಬಿರುಕುಗಳು ಕಂಡವು. ಒಳಗಿನಿಂದ ಅಲ್ಲೇ ಕಾಲಿಟ್ಟು ಒತ್ತಿದರೆ ಮೊದಲಿಗಿಂತ ಮೆತ್ತಗಿದೆ ಅನಿಸುತ್ತದೆ. ಮಿಸ್ತ್ರಿ ‘ಜೆಲ್‌ಕೋಟ್ (ಹೊರಮೈಯ ನುಣುಪು ಲೇಪ) ಹೊಡೆದರೆ ಆಯ್ತು’ ಅಂತಾರೆ. ನಮ್ಮ ಅಣ್ಣ ಇಲ್ಲೇ ಯಾರ್ಡ್‌ನಲ್ಲಿ ವೆಲ್ಡರ್. ‘ಕಬ್ಬಿಣ ದಣಿಯುತ್ತೆ, ಫೈಬರ್ ದಣಿಯಲ್ಲ, ವಿಮಾನಾನೇ ಅದರಲ್ಲಿ ಮಾಡ್ತಾರೆ’ ಅಂತಾನೆ. ಯಾರ ಮಾತು ನಂಬಲಿ ಸರ್?

ಉತ್ತರ: ಇಬ್ಬರ ಮಾತನ್ನೂ ಪೂರ್ತಿ ನಂಬಬೇಡಿ. ನಿಮ್ಮ ಕಾಲನ್ನು ನಂಬಿ. ನೀವು ಬರೆದಿದ್ದರಲ್ಲಿ ನನಗೆ ಮುಖ್ಯ ಅನಿಸಿದ್ದು ಬಿರುಕಲ್ಲ, ‘ಮೊದಲಿಗಿಂತ ಮೆತ್ತಗಿದೆ’ ಅನ್ನುವ ಮಾತು. ಪದರ ಪದರವಾಗಿ ಕಟ್ಟಿದ ವಸ್ತು ದಣಿದಾಗ ಮೊದಲು ಕಳೆದುಕೊಳ್ಳುವುದು ಬಿಗಿಯನ್ನು, ಅಂದರೆ ಬಾಗದೆ ನಿಲ್ಲುವ ಗುಣವನ್ನು. ಶಕ್ತಿ ಆಮೇಲೆ ಹೋಗುತ್ತದೆ. ಕಣ್ಣಿಗೆ ಕಾಣುವಂಥ ಬಿರುಕು ಇನ್ನೂ ತಡ.

ಅಣ್ಣನ ಕಬ್ಬಿಣದಿಂದಲೇ ಶುರು ಮಾಡೋಣ. ಕಬ್ಬಿಣದಲ್ಲಿ ವೆಲ್ಡಿನ ಬುಡದಲ್ಲೋ ತೂತಿನ ಅಂಚಿನಲ್ಲೋ ಒಂದು ಬಿರುಕು ಹುಟ್ಟುತ್ತದೆ. ಬಲ ಬಿದ್ದಾಗಲೆಲ್ಲ ಅದು ಒಂದಿಷ್ಟು ಮುಂದೆ ಹೋಗುತ್ತದೆ. ಸುತ್ತಲಿನ ಪ್ಲೇಟು ಮಾತ್ರ ಹೊಸದರಷ್ಟೇ ಗಟ್ಟಿ ಇರುತ್ತದೆ. ಹಾಗಾಗಿ ಅವರ ಕೆಲಸ ಆ ಒಂದು ಬಿರುಕನ್ನು ಹುಡುಕುವುದು, ತುದಿಗೆ ತೂತು ಕೊರೆದು ನಿಲ್ಲಿಸುವುದು, ಕೆರೆದು ವೆಲ್ಡ್ ಮಾಡುವುದು. ಅದೇ ಬುದ್ಧಿಯನ್ನು ಫೈಬರ್‌ಗೆ ತಂದರೆ ಕೆಡುತ್ತದೆ. ಬಿರುಕಿನ ತುದಿಗೆ ತೂತು ಕೊರೆದರೆ ಕತ್ತರಿಸಿದ ನೂಲುಗಳ ಹೊಸ ಅಂಚು ಒಂದು ಹುಟ್ಟುತ್ತದೆ. ಪದರ ಬಿಡುವುದು ಶುರುವಾಗುವುದೇ ಇಂಥ ಅಂಚುಗಳಲ್ಲಿ. ನೀರು ಒಳಗೆ ಇಳಿಯುವುದೂ ಅಲ್ಲಿಂದಲೇ. ಆದ್ದರಿಂದ ಆ ಡ್ರಿಲ್ ಅವರ ಹತ್ತಿರವೇ ಇರಲಿ.

ನಿಮ್ಮ ಬೋಟಿನ ತಳದಲ್ಲಿ ಏನಿದೆ ನೋಡಿ. ಹೊರಗೆ ಅರ್ಧ ಮಿ.ಮೀ. ಆಸುಪಾಸು ಜೆಲ್‌ಕೋಟ್. ಅದರ ಹಿಂದೆ ಮ್ಯಾಟ್ (ಗಾಜಿನ ತುಂಡು ನೂಲುಗಳ ಹಾಸು), ರೋವಿಂಗ್ (ಗಾಜಿನ ನೂಲಿನ ದಪ್ಪ ನೇಯ್ಗೆ), ಮತ್ತೆ ಮ್ಯಾಟ್, ಮತ್ತೆ ರೋವಿಂಗ್. ಎಲ್ಲವನ್ನೂ ಪಾಲಿಯೆಸ್ಟರ್ ರೆಸಿನ್ ಅನ್ನುವ ಗಟ್ಟಿಯಾದ ಅಂಟು ಹಿಡಿದಿಟ್ಟಿದೆ. ಭಾರ ಹೊರುವುದು ಗಾಜಿನ ನೂಲು. ಆ ಭಾರವನ್ನು ನೂಲಿನಿಂದ ನೂಲಿಗೆ ದಾಟಿಸುವುದು ರೆಸಿನ್. ಗಾಜು ರೆಸಿನ್‌ಗಿಂತ ಸುಮಾರು ಇಪ್ಪತ್ತು ಪಟ್ಟು ಬಿಗಿ. ತೊಂದರೆ ಹುಟ್ಟುವುದು ಇಲ್ಲಿಯೇ. ಬಲಕ್ಕೆ ಅಡ್ಡವಾಗಿ ಮಲಗಿದ ನೂಲುಗಳು ಹಿಗ್ಗುವುದಿಲ್ಲ. ಹಿಗ್ಗುವ ಕೆಲಸವೆಲ್ಲ ಅವುಗಳ ನಡುವಿನ ತೆಳು ರೆಸಿನ್ ಮೇಲೆ ಬೀಳುತ್ತದೆ. ಗಾಜಿನ ನೂಲು ಹರಿಯಬೇಕಾದರೆ ಶೇ 2ಕ್ಕಿಂತ ಜಾಸ್ತಿ ಹಿಗ್ಗಬೇಕು. ಅಡ್ಡ ನೂಲಿನ ಪಕ್ಕದ ರೆಸಿನ್ ಮಾತ್ರ ಒಟ್ಟು ಪದರ ಶೇ 0.2ರಿಂದ 0.4ರಷ್ಟು ಹಿಗ್ಗುವ ಹೊತ್ತಿಗೇ ಕೈ ಬಿಡುತ್ತದೆ. ಮ್ಯಾಟ್‌ನಲ್ಲಿ ನೂಲುಗಳು ಎಲ್ಲ ದಿಕ್ಕಿಗೂ ಬಿದ್ದಿರುತ್ತವೆ ಅಲ್ವಾ? ಅಡ್ಡ ಬಿದ್ದವು ರೆಸಿನ್‌ನಿಂದ ಬಿಡಲು ಶುರುವಾಗುವುದು ಒಡೆಯುವ ಬಲದ ಸುಮಾರು ಶೇ 30ರಲ್ಲಿ. ಅಂದರೆ ಹಲಗೆ ಒಡೆಯಲು ಬೇಕಾದ ಬಲದ ಮೂರನೇ ಒಂದು ಭಾಗ ಬಿದ್ದರೂ ಒಳಗೆ ಹಾನಿ ಶುರು. ಹೊರಗೆ ಏನೂ ಕಾಣುವುದಿಲ್ಲ.

ಮುಂದೆ ಆಗುವುದಕ್ಕೆ ಒಂದು ಕ್ರಮವಿದೆ. ಮೊದಲು ಅಡ್ಡ ಪದರಗಳಲ್ಲಿ ಸಣ್ಣ ಸಣ್ಣ ಬಿರುಕುಗಳು, ಒಂದಲ್ಲ, ಸಾಲು ಸಾಲು. ಒಂದು ಮಟ್ಟಕ್ಕೆ ಬಂದ ಮೇಲೆ ಈ ಸಾಲು ತುಂಬಿಹೋಗುತ್ತದೆ. ಎರಡು ಬಿರುಕುಗಳ ನಡುವೆ ಇನ್ನೊಂದು ಹುಟ್ಟುವಷ್ಟು ಬಲ ಅಲ್ಲಿ ಉಳಿಯುವುದಿಲ್ಲ. ಆಮೇಲೆ ಆ ಬಿರುಕುಗಳ ತುದಿಯಿಂದ ಹಾನಿ ಅಡ್ಡಕ್ಕೆ ತಿರುಗಿ ಎರಡು ಪದರಗಳ ನಡುವೆ ಹರಡುತ್ತದೆ. ನಮ್ಮವರು ‘ಪದರ ಬಿಟ್ಟಿದೆ’ ಅನ್ನುವುದು ಇದನ್ನೇ. ಕಾಗದದಲ್ಲಿ ಇದಕ್ಕೆ ಡಿಲ್ಯಾಮಿನೇಷನ್ ಅಂತ ಬರೆಯುತ್ತಾರೆ. ಇಲ್ಲಿಯವರೆಗೂ ಭಾರ ಹೊರುವ ಉದ್ದನೆಯ ನೂಲುಗಳು ಹೆಚ್ಚುಕಡಿಮೆ ಹಾಗೇ ಇರುತ್ತವೆ. ಅವು ಹರಿಯತೊಡಗಿದಾಗ ಮಾತ್ರ ಬೇಗ ಮುಗಿಯುತ್ತದೆ.

ನಮ್ಮ ಕಡೆ ಹಗ್ಗ ಹೆಣೆದ ಹೊರಸು ನೆನಪಿಸಿಕೊಳ್ಳಿ. ಅದು ಯಾವತ್ತೂ ಒಮ್ಮೆಲೇ ಹರಿದು ಬೀಳುವುದಿಲ್ಲ. ಮೊದಲು ಜೋಲುತ್ತದೆ, ಒಂದೊಂದೇ ಎಳೆ ಹೋಗುತ್ತದೆ, ಆದರೂ ವರ್ಷಗಟ್ಟಲೆ ಮಲಗುತ್ತೇವೆ. ಎಷ್ಟು ಜೋಲಿದೆ ಅನ್ನುವುದೇ ಅದರ ವಯಸ್ಸು.

ಲ್ಯಾಬ್‌ನಲ್ಲಿ ನಾವು ಅಳೆಯುವುದೂ ಅದನ್ನೇ. ಪುಣೆಯಲ್ಲಿ ನಾನು ಕೆಲಸ ಮಾಡುವ ಕಡೆ ಪಟ್ಟಿಯಂಥ ತುಂಡನ್ನು ಯಂತ್ರದಲ್ಲಿ ಹಿಡಿದು ಎಳೆದು ಬಿಟ್ಟು, ಎಳೆದು ಬಿಟ್ಟು ಮಾಡುತ್ತೇವೆ. ಅದರ ಬಿಗಿ ಮೂರು ಹಂತದಲ್ಲಿ ಇಳಿಯುತ್ತದೆ. ಶುರುವಿನಲ್ಲಿ ಬೇಗನೆ ಒಂದಿಷ್ಟು ಬೀಳುತ್ತದೆ, ಅದು ಅಡ್ಡ ಬಿರುಕುಗಳ ಕಾಲ. ಆಮೇಲೆ ಬಹಳ ಹೊತ್ತು ನಿಧಾನವಾಗಿ ಜಾರುತ್ತದೆ. ಕೊನೆಗೆ ತಟ್ಟನೆ ಕುಸಿಯುತ್ತದೆ. ಬೋಟಿನ ಆಯುಷ್ಯದ ಬಹುಪಾಲು ಆ ಮಧ್ಯದ ನಿಧಾನ ಹಂತದಲ್ಲೇ ಕಳೆಯುತ್ತದೆ. ಅಳತೆ ಇಟ್ಟುಕೊಂಡವರಿಗೆ ಎಚ್ಚರಿಕೆ ಸಿಗುವುದೂ ಆಗಲೇ. ಇನ್ನೊಂದು ಮಾತು. ಈ ಪರೀಕ್ಷೆಯನ್ನು ಸೆಕೆಂಡಿಗೆ ಕೆಲವೇ ಸಲದಂತೆ ನಿಧಾನವಾಗಿ ಮಾಡಬೇಕು. ಬೇಗ ಮಾಡಿದರೆ ರೆಸಿನ್ ಒಳಗೇ ಬಿಸಿಯಾಗಿ ತುಂಡು ಶಾಖಕ್ಕೆ ಸಾಯುತ್ತದೆ, ದಣಿವಿಗಲ್ಲ. ದಿನಗಟ್ಟಲೆ ಯಂತ್ರದ ಸದ್ದು ಕೇಳುತ್ತಾ ಕೂರುವುದು ಅದಕ್ಕೇ.

ಈಗ ಲೆಕ್ಕ. ಗಾಜಿನ ಫೈಬರ್‌ಗೆ ಒಂದು ಅಂದಾಜಿನ ಲೆಕ್ಕವಿದೆ. ಬಲ ಬಿದ್ದು ಬಿಡುವುದು ಒಂದು ಸುತ್ತು. ಈ ಸುತ್ತು ಹತ್ತು ಪಟ್ಟಾದಾಗಲೆಲ್ಲ, ಒಂದೇ ಏಟಿಗೆ ಒಡೆಯುವ ಬಲದ ಸುಮಾರು ಶೇ 10ರಷ್ಟನ್ನು ಕಳೆಯಿರಿ. ಹತ್ತು ಸಾವಿರ ಸುತ್ತು ತಾಳಬೇಕಾದರೆ ಬಲ ಶೇ 60ರ ಒಳಗಿರಬೇಕು. ಹತ್ತು ಲಕ್ಷಕ್ಕೆ ಶೇ 40. ಒಂದು ಕೋಟಿಗೆ ಶೇ 30. ಕೆಲವು ಉಕ್ಕುಗಳಲ್ಲಿ ಒಂದು ಮಿತಿಯ ಕೆಳಗೆ ಎಷ್ಟು ಸಲ ಬೇಕಾದರೂ ಬಾಗಿಸಬಹುದು. ಗಾಜಿನ ಫೈಬರ್‌ನಲ್ಲಿ ಅಂಥ ಮಿತಿಯನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಒದ್ದೆಯಾದರೆ ಇನ್ನೂ ಕಡಿಮೆ.

ನಿಮ್ಮ ಬೋಟಿಗೆ ಇದನ್ನು ಹಾಕಿ ನೋಡೋಣ. ಅಲೆ ಇರುವ ದಿನ ಮೂರು ಸೆಕೆಂಡಿಗೊಮ್ಮೆ ತಳ ‘ಧಡ್’ ಅಂತ ಬಡಿಯುತ್ತದೆ ಅಂದುಕೊಳ್ಳಿ. ಗಂಟೆಗೆ 1200 ಹೊಡೆತ. ದಿನಕ್ಕೆ ಮೂರು ಗಂಟೆ, ವರ್ಷಕ್ಕೆ 200 ದಿನ ಅಂದರೆ 7 ಲಕ್ಷ 20 ಸಾವಿರ. ಎಂಟು ವರ್ಷಕ್ಕೆ 57 ಲಕ್ಷದ ಮೇಲೆ. ಎಲ್ಲ ದಿನವೂ ಅಲೆ ಇರುವುದಿಲ್ಲ, ಸರಿ. ಅರ್ಧ ಮಾಡಿದರೂ ಸಣ್ಣ ಸಂಖ್ಯೆ ಅಲ್ಲ. ಆದರೆ ನಿಜವಾದ ವಿಷಯ ಸಂಖ್ಯೆಯಲ್ಲಿಲ್ಲ, ಹೊಡೆತ ಎಷ್ಟು ಜೋರು ಅನ್ನುವುದರಲ್ಲಿದೆ. ಮೇಲಿನ ಲೆಕ್ಕವನ್ನೇ ತಿರುಗಿಸಿ ನೋಡಿ. ಶೇ 30ರ ಹೊಡೆತ ಕೋಟಿ ಸಲ ತಾಳುತ್ತದೆ, ಶೇ 60ರದ್ದು ಹತ್ತು ಸಾವಿರ ಸಲ. ಅಂದರೆ ದುಪ್ಪಟ್ಟು ಜೋರಿನ ಒಂದು ಹೊಡೆತ ಸಾವಿರ ಸಾಧಾರಣ ಹೊಡೆತಕ್ಕೆ ಸಮ. ಇದು ಒಣಗಿದ ತುಂಡಿನ ಮೇಲೆ ಒಂದೇ ಸಮನೆ ಬಲ ಹಾಕಿ ಮಾಡಿದ ಲೆಕ್ಕ, ಸಮುದ್ರಕ್ಕೆ ಹಾಗೇ ಕೂರುವುದಿಲ್ಲ. ಆದರೂ ದಿಕ್ಕು ಸರಿಯಾಗಿದೆ. ಸಂಜೆ ಗಾಳಿ ಎದ್ದ ಮೇಲೆ ಕೊನೆಯ ಟ್ರಿಪ್ ಬೇಗ ಮುಗಿಸಲು ಪೂರ್ತಿ ಥ್ರಾಟಲ್ ಕೊಡುತ್ತಾರಲ್ಲ, ಬೋಟನ್ನು ತಿನ್ನುವುದು ಆ ಹದಿನೈದು ನಿಮಿಷ.

ಪದರ ಬಿಟ್ಟರೆ ಮೆತ್ತಗಾಗುವುದೇಕೆ? ಹಲಗೆ ಬಾಗುವುದನ್ನು ತಡೆಯುವ ಬಿಗಿ ಅದರ ದಪ್ಪದ ಘನಕ್ಕೆ ತಕ್ಕಂತೆ ಇರುತ್ತದೆ. 6 ಮಿ.ಮೀ. ತಳ ಸರಿಯಾಗಿ ಮಧ್ಯದಲ್ಲಿ ಬಿಟ್ಟುಕೊಂಡು 3 ಮಿ.ಮೀ.ನ ಎರಡು ಹಾಳೆಯಾಯಿತು ಅನ್ನಿ. ಒಂದೊಂದು ಹಾಳೆಯ ಬಿಗಿ ಎಂಟನೇ ಒಂದು ಪಾಲು. ಎರಡು ಸೇರಿ ನಾಲ್ಕನೇ ಒಂದು. ಒಂದು ನೂಲೂ ಹರಿದಿಲ್ಲ, ಒಂದು ಗ್ರಾಂ ಗಾಜೂ ಹೋಗಿಲ್ಲ, ಮುಕ್ಕಾಲು ಬಿಗಿ ಹೋಯಿತು. ಜೊತೆಗೆ ತೆಳುವಾದ ಹಾಳೆಯನ್ನು ಒತ್ತಿದರೆ ಅದು ಉಬ್ಬಿ ಮಡಚುತ್ತದೆ. ಅದಕ್ಕೇ ಎಳೆಯುವ ಬಲಕ್ಕಿಂತ ಒತ್ತುವ ಬಲ ಪದರ ಬಿಟ್ಟ ವಸ್ತುವಿಗೆ ಅಪಾಯ.

ಅಣ್ಣನ ವಿಮಾನದ ಮಾತಿಗೂ ಉತ್ತರ ಕೊಡಬೇಕು, ಇಲ್ಲದಿದ್ದರೆ ಅವರು ಒಪ್ಪುವುದಿಲ್ಲ. ಬೋಯಿಂಗ್ 787ರ ತೂಕದಲ್ಲಿ ಅರ್ಧದಷ್ಟು ಇಂಥದೇ ಪದರದ ವಸ್ತು. ನಮ್ಮ ತೇಜಸ್ ಯುದ್ಧವಿಮಾನದ ದೇಹದಲ್ಲಿ ತೂಕದ ಲೆಕ್ಕದಲ್ಲಿ ಸುಮಾರು ಶೇ 45. ಆದರೆ ಅದು ಕಾರ್ಬನ್ ನೂಲು, ಎಪಾಕ್ಸಿ ರೆಸಿನ್, ಒತ್ತಡದ ಒಲೆಯಲ್ಲಿ ಬೇಯಿಸಿದ್ದು. ಕಾರ್ಬನ್ ಗಾಜಿಗಿಂತ ತುಂಬಾ ನಿಧಾನವಾಗಿ ದಣಿಯುತ್ತದೆ. ಅಷ್ಟಾದರೂ ಅವರು ಅದನ್ನು ಪೂರ್ತಿ ದುಡಿಸುವುದಿಲ್ಲ. ಅತಿ ಜೋರಿನ ಬಲ ಬಿದ್ದಾಗಲೂ ಹಿಗ್ಗುವುದು ಶೇ 0.4 ದಾಟದ ಹಾಗೆ ದಪ್ಪ ಇಡುವುದು ರೂಢಿ. ಯಾಕೆಂದರೆ ಅವರ ಭಯ ದಣಿವಿಗಿಂತ ಹೆಚ್ಚಾಗಿ ಪೆಟ್ಟಿನದ್ದು. ಕೈಜಾರಿ ಒಂದು ಸ್ಪಾನರ್ ಬಿದ್ದರೆ ಮೇಲೆ ಗುರುತೇ ಇರುವುದಿಲ್ಲ. ಒಳಗೆ ಹಾನಿ ಕೆಳಗಿಳಿದಂತೆ ಅಗಲವಾಗುತ್ತಾ ಹೋಗಿ, ಹಿಂಬದಿಯ ಪದರಗಳು ಬಿಟ್ಟಿರುತ್ತವೆ. ಅಂಥ ತುಂಡನ್ನು ಒತ್ತಿ ನೋಡಿದರೆ ಶಕ್ತಿ ಅರ್ಧಕ್ಕೆ ಇಳಿದಿರುವುದೂ ಉಂಟು. ಕಣ್ಣಿಗೆ ಕಾಣದ ಇಂಥ ಪೆಟ್ಟು ಬಿದ್ದೇ ಇದೆ ಅಂದುಕೊಂಡು ಅವರು ಲೆಕ್ಕ ಹಾಕುತ್ತಾರೆ. ನಿಮ್ಮ ಬೋಟ್ ಕಟ್ಟಿದವರು ಹಾಗೆ ಅಂದುಕೊಂಡಿರಲಾರರು.

ಅಣ್ಣನ ಪರವಾಗಿ ಒಂದು ಮಾತು ಹೇಳಲೇಬೇಕು. 2001ರ ನವೆಂಬರ್ 12ರಂದು ನ್ಯೂಯಾರ್ಕ್‌ನಲ್ಲಿ ಏರ್‌ಬಸ್ ಎ300 ವಿಮಾನವೊಂದರ ಬಾಲದ ರೆಕ್ಕೆ ಆಕಾಶದಲ್ಲೇ ಕಿತ್ತುಬಂತು. 265 ಜನ ಸತ್ತರು. ಆ ಬಾಲ ಪದರದ ಕಾರ್ಬನ್‌ನದ್ದು, ಹದಿಮೂರು ವರ್ಷ ಹಾರಿತ್ತು. ದಣಿವಿನ ಮೇಲೂ ಅನುಮಾನ ಬಂತು. ತನಿಖೆಯಲ್ಲಿ ಗೊತ್ತಾಗಿದ್ದು ಬೇರೆ. ಪೈಲಟ್ ರಡರ್ (ಬಾಲದಲ್ಲಿನ ತಿರುಗುವ ಹಲಗೆ) ಪೆಡಲನ್ನು ಆ ಕಡೆ ಈ ಕಡೆ ಜೋರಾಗಿ ತುಳಿದದ್ದರಿಂದ, ತಾಳಬೇಕಾದ ಗರಿಷ್ಠ ಬಲವನ್ನೂ ಮೀರಿದ ಬಲ ಬಿದ್ದಿತ್ತು. ಬಾಲ ಲೆಕ್ಕದಲ್ಲಿ ಇದ್ದದ್ದಕ್ಕಿಂತ ಜಾಸ್ತಿಯೇ ತಾಳಿತ್ತು.

ಇನ್ನೊಂದು ಬದಿಗೆ ಟೈಟನ್ ಸಬ್‌ಮರ್ಸಿಬಲ್, ಅಂದರೆ ಆಳ ಸಮುದ್ರಕ್ಕೆ ಇಳಿಯುವ ಸಣ್ಣ ನೌಕೆ ಇದೆ. 2023ರ ಜೂನ್ 18ರಂದು ಟೈಟಾನಿಕ್ ನೋಡಲು ಇಳಿದು ಐವರೊಂದಿಗೆ ನುಚ್ಚುನೂರಾಯಿತು. ಅದರ ನಡುವಿನ ಕೊಳವೆ ಸುಮಾರು 5 ಇಂಚು ದಪ್ಪದ ಕಾರ್ಬನ್. ಒಂದರ ಮೇಲೊಂದು ಐದು ದಪ್ಪ ಪದರಗಳಾಗಿ ಸುತ್ತಿ ಬೇಯಿಸಿದ್ದು. ಕೆಲಸವೆಲ್ಲ ಒತ್ತುವ ಬಲದ್ದು. 2022ರ ಜುಲೈನ ಒಂದು ಇಳಿತದಿಂದ ಮೇಲೆ ಬರುವಾಗ ‘ಢಂ’ ಅಂತ ಸದ್ದಾಯಿತು. ಆಮೇಲಿನ ಇಳಿತಗಳಲ್ಲಿ ಗೋಡೆಯ ಹಿಗ್ಗು-ಕುಗ್ಗಿನ ಅಳತೆ ಮೊದಲಿನಂತೆ ಬರಲಿಲ್ಲ. ಅಳತೆ ಇತ್ತು, ಸರಿಯಾಗಿ ಓದಲಿಲ್ಲ. ನನ್ನ ಮಟ್ಟಿಗೆ ಆ ಇಡೀ ದುರಂತದಲ್ಲಿ ಕ್ಷಮಿಸಲಾಗದ್ದು ಇದೊಂದೇ. ಕಾರ್ಬನ್ ಕೆಟ್ಟದ್ದು ಅನ್ನುವುದು ಸುಮ್ನೆ ಮಾತು.

ಈಗ ನಿಮ್ಮ ತಳಕ್ಕೆ ಬರೋಣ. ಬಿರುಕು ಯಾವ ಆಕಾರದಲ್ಲಿದೆ ಅಂತ ನೀವು ಬರೆದಿಲ್ಲ. ಅದನ್ನೊಮ್ಮೆ ನೋಡಿ. ಅಲೆ ಹೊರಗಿನಿಂದ ಒತ್ತಿದಾಗ ತಳ ಒಳಕ್ಕೆ ಬಾಗುತ್ತದೆ. ಆಗ ಎರಡು ಸ್ಟ್ರಿಂಗರ್‌ಗಳ (ತಳಕ್ಕೆ ಒಳಗಿನಿಂದ ಅಂಟಿಸಿದ ಉದ್ದನೆಯ ದೂಲಗಳು) ನಡುವೆ ಒಳಮೈ ಹಿಗ್ಗುತ್ತದೆ. ಸ್ಟ್ರಿಂಗರ್‌ನ ನೇರಕ್ಕೆ ಹೊರಮೈ ಹಿಗ್ಗುತ್ತದೆ. ಹಾಗಾಗಿ ಹೊರಗೆ ಸ್ಟ್ರಿಂಗರ್‌ಗೋ ಅಡ್ಡ ಗೋಡೆಗೋ ಸಮನಾಗಿ ಉದ್ದುದ್ದ ಗೆರೆಗಳಿದ್ದರೆ ಅದು ಬಾಗಿ ಬಾಗಿ ಬಂದದ್ದು. ನಕ್ಷತ್ರದ ಹಾಗೆ ಅಥವಾ ಬಳೆಯ ಹಾಗೆ ಸುತ್ತಿದ್ದರೆ ಎಲ್ಲೋ ಪೆಟ್ಟು ಬಿದ್ದಿದೆ, ಜೆಟ್ಟಿಗೆ ಗುದ್ದಿರಬಹುದು. ಗೊತ್ತುಗುರಿ ಇಲ್ಲದೆ ಜಾಲದ ಹಾಗಿದ್ದರೆ ಜೆಲ್‌ಕೋಟ್ ದಪ್ಪವಾಗಿ ಬಿದ್ದಿದೆ, ಅದೊಂದೇ ಆದರೆ ಮಿಸ್ತ್ರಿ ಹೇಳಿದ್ದು ಸರಿ. ಆದರೆ ನಿಮ್ಮ ಕಾಲಿಗೆ ಮೆತ್ತಗೆ ಸಿಕ್ಕಿದೆಯಲ್ಲ, ಅದಕ್ಕೇ ನನಗೆ ಅಷ್ಟರಲ್ಲೇ ಮುಗಿಯುವ ನಂಬಿಕೆ ಇಲ್ಲ.

ನೆಲದ ಹಲಗೆ ಎತ್ತಿಸಿ. ಎಷ್ಟೋ ಸಲ ಮೆತ್ತಗಾಗಿರುವುದು ನೆಲದ ಪ್ಲೈವುಡ್ ಮಾತ್ರ, ತಳ ಗಟ್ಟಿಯಾಗೇ ಇರುತ್ತದೆ. ಅದು ಅಲ್ಲ ಅಂತಾದರೆ ಸ್ಟ್ರಿಂಗರ್ ತಳಕ್ಕೆ ಅಂಟಿರುವ ಜಾಗ ನೋಡಿ. ಅಲ್ಲಿ ಬಿಟ್ಟಿದ್ದರೆ ಆಧಾರವಿಲ್ಲದ ತಳದ ಅಗಲ ಒಮ್ಮೆಲೇ ಎರಡು ಪಟ್ಟಾದಂತೆ, ಮೆತ್ತಗಾಗದೆ ಇನ್ನೇನು?

ಆಮೇಲೆ ತಟ್ಟಿ ನೋಡುವುದು. ಸಣ್ಣ ಸುತ್ತಿಗೆಯಾಗಲಿ, ದಪ್ಪ ನಾಣ್ಯವಾಗಲಿ ಸಾಕು. ಎರಡು ಇಂಚಿಗೊಮ್ಮೆ ತಟ್ಟುತ್ತಾ ಹೋಗಿ. ಗಟ್ಟಿ ಇರುವಲ್ಲಿ ಚುರುಕು ಸದ್ದು, ಪದರ ಬಿಟ್ಟಲ್ಲಿ ‘ಥಪ್’ ಅಂತ ಸತ್ತ ಸದ್ದು. ಸ್ಟ್ರಿಂಗರ್ ಮೇಲೆ ಬಂದಾಗ ಸದ್ದು ಹೇಗೂ ಬದಲಾಗುತ್ತದೆ, ಅದಕ್ಕೆ ಮೋಸ ಹೋಗಬೇಡಿ. ಸತ್ತ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಫೋಟೋ ತೆಗೆದಿಡಿ. ವಿಮಾನದವರು ಅಲ್ಟ್ರಾಸೌಂಡ್ ಯಂತ್ರ ತರುತ್ತಾರೆ, ಆದರೆ ಅವರೂ ತಟ್ಟಿ ನೋಡುವುದುಂಟು.

ಕೊನೆಗೆ ಅಳತೆ. ಬೋಟನ್ನು ಕೀಲ್ (ತಳದ ನಡುಬೆನ್ನು) ಮತ್ತು ಸ್ಟ್ರಿಂಗರ್‌ಗಳ ನೇರಕ್ಕೆ ಮರದ ದಿಮ್ಮಿಗಳ ಮೇಲೆ ಅಲುಗಾಡದಂತೆ ಕೂರಿಸಿ. ಅನುಮಾನದ ಜಾಗದಲ್ಲಿ ಒಳಗಿನಿಂದ ನೀರು ತುಂಬಿದ 20 ಲೀಟರ್ ಕ್ಯಾನ್ ನಾಲ್ಕು ಇಡಿ, 80 ಕೆ.ಜಿ. ಆಯಿತು. ಹೊರಗೆ ಕೆಳಗಿನಿಂದ ಡಯಲ್ ಗೇಜ್ (ಸಣ್ಣ ಬಾಗನ್ನೂ ಮುಳ್ಳಿನಲ್ಲಿ ತೋರಿಸುವ ಸಾಧನ) ಇಟ್ಟು ಎಷ್ಟು ಬಾಗಿತು ಅಂತ ಬರೆದುಕೊಳ್ಳಿ. ಅಣ್ಣನ ಯಾರ್ಡ್‌ನಲ್ಲಿ ಡಯಲ್ ಗೇಜ್ ಸಿಕ್ಕೇ ಸಿಗುತ್ತದೆ. ಈಗ ಬೋಟಿನ ಇನ್ನೊಂದು ಬದಿಯಲ್ಲಿ, ಕನ್ನಡಿ ಹಿಡಿದಂತೆ ಅದೇ ಜಾಗದಲ್ಲಿ, ಅಷ್ಟೇ ಭಾರ ಇಟ್ಟು ಅಳೆಯಿರಿ. ಎರಡನ್ನೂ ಬೆಳಿಗ್ಗೆ ತಂಪು ಹೊತ್ತಿನಲ್ಲೇ ಮಾಡಿ, ಬಿಸಿಲಿಗೆ ರೆಸಿನ್ ತಾನೇ ಮೆತ್ತಗಾಗುತ್ತದೆ. ನನ್ನನ್ನು ಕೇಳಿದರೆ ಒಂದು ಬದಿ ಇನ್ನೊಂದಕ್ಕಿಂತ ಕಾಲು ಭಾಗ ಜಾಸ್ತಿ ಬಾಗಿದರೂ ಆ ಜಾಗ ಬಿಚ್ಚಿ ನೋಡಬೇಕು. ಎರಡೂ ಸಮ ಇದ್ದರೆ ಖುಷಿಪಡುವ ಮುಂಚೆ ತಟ್ಟಿದ ಫಲಿತಾಂಶ ನೋಡಿ. ಎರಡೂ ಬದಿ ಸಮನಾಗಿ ದಣಿದಿರಲೂಬಹುದು.

ರಿಪೇರಿ ಬೇಕಾದರೆ ಮಿಸ್ತ್ರಿಗೆ ಹೀಗೆ ಹೇಳಿ. ಸತ್ತ ಪದರವನ್ನು ಗ್ರೈಂಡರ್‌ನಲ್ಲಿ ಬಿಳಿ ಕಲೆ ಪೂರ್ತಿ ಹೋಗುವವರೆಗೆ ತೆಗೆಯಬೇಕು. ಅಂಚನ್ನು ನೆಟ್ಟಗೆ ಕಡಿಯಬಾರದು, ಇಳಿಜಾರು ಮಾಡಬೇಕು. ದಪ್ಪದ ಹನ್ನೆರಡು ಪಟ್ಟು ಉದ್ದದ ಇಳಿಜಾರು, ಅಂದರೆ 6 ಮಿ.ಮೀ. ತೆಗೆದರೆ ಸುತ್ತಲೂ 72 ಮಿ.ಮೀ. ಮಿಸ್ತ್ರಿಗಳಿಗೆ ಇದು ಇಷ್ಟವಾಗದ ಕೆಲಸ, ಧೂಳು ಜಾಸ್ತಿ, ಮ್ಯಾಟ್ ಜಾಸ್ತಿ. ಆದರೆ ಹಳೆಯ ಫೈಬರ್‌ಗೆ ಹೊಸದು ರಾಸಾಯನಿಕವಾಗಿ ಬೆಸೆಯುವುದಿಲ್ಲ, ಕೆರೆದ ಮೈಗೆ ಅಂಟಿ ಹಿಡಿಯುತ್ತದೆ ಅಷ್ಟೇ. ಅಂಟಿನ ಅಗಲವೇ ಅದರ ಶಕ್ತಿ. ಕೆರೆಯುವಾಗ ಒಳಗಿನಿಂದ ನೀರು ಜಿನುಗಿ ವಿನೆಗರ್‌ನಂಥ ಹುಳಿ ವಾಸನೆ ಬಂದರೆ ರೆಸಿನ್ ನೀರಿಗೆ ಕರಗತೊಡಗಿದೆ ಅಂತ ಅರ್ಥ. ಆಗ ಸಿಹಿನೀರಿನಲ್ಲಿ ತೊಳೆದು ತೊಳೆದು, ವಾರಗಟ್ಟಲೆ ಒಣಗಿಸದೆ ಮುಚ್ಚಬಾರದು.

ಒಣಗಿಸುವುದು ಅಂದಾಗ ಗೋವಾದ ಮಳೆಗಾಲ ಅಡ್ಡ ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ ಇರುತ್ತದೆ. ಎಲ್ಲರ ಬೋಟೂ ಆಗಲೇ ಮೇಲೆ, ಎಲ್ಲ ಮಿಸ್ತ್ರಿಗಳ ಕೆಲಸವೂ ಆಗಲೇ. ಪಾಲಿಯೆಸ್ಟರ್‌ಗೆ ಅದಕ್ಕಿಂತ ಕೆಟ್ಟ ಕಾಲ ಇಲ್ಲ. ತೇವದ ಮೈ ಮೇಲೆ ಅದು ಸರಿಯಾಗಿ ಹಿಡಿಯುವುದಿಲ್ಲ. ಶೆಡ್ ಒಳಗೆ, ನಾಲ್ಕು ಹಾಲೋಜನ್ ದೀಪ ಉರಿಸಿ, ಮೈ ಒಣಗಿದ ಮೇಲೆ ಮಾಡಿಸಿ. ರೆಸಿನ್ ಗಟ್ಟಿಯಾಗಿಸುವ ಹಾರ್ಡ್‌ನರ್ ಅನ್ನು ಕಣ್ಣಳತೆಯಲ್ಲಿ ಸುರಿಯಲು ಬಿಡಬೇಡಿ, ರೆಸಿನ್ ತೂಕದ ಶೇ 1ರಿಂದ 2ರ ಒಳಗೆ ತೂಗಿ ಹಾಕಲಿ. ಖರ್ಚಿಗೆ ಅಡ್ಡಿ ಇಲ್ಲದಿದ್ದರೆ ಆ ಜಾಗಕ್ಕೆ ಎಪಾಕ್ಸಿ ಬಳಸಿ, ಹಳೆಯ ಫೈಬರ್‌ಗೆ ಅದು ಚೆನ್ನಾಗಿ ಅಂಟುತ್ತದೆ. ಆದರೆ ಎಪಾಕ್ಸಿ ಮೇಲೆ ಮಾಮೂಲಿ ಜೆಲ್‌ಕೋಟ್ ಸರಿಯಾಗಿ ಗಟ್ಟಿಯಾಗದೇ ಇರಬಹುದು, ಹಾಗಾಗಿ ಮೇಲೆ ಎಪಾಕ್ಸಿಗೆ ಹೊಂದುವ ಪೇಂಟ್ ಹೊಡೆಸುವುದೇ ಕ್ಷೇಮ.

ಕೆಲಸ ಮುಗಿದು ಒಂದು ವಾರ ಬಿಟ್ಟು, ಬಣ್ಣ ಹಚ್ಚುವ ಮುಂಚೆ, ಅದೇ ನಾಲ್ಕು ಕ್ಯಾನ್ ಅದೇ ಜಾಗದಲ್ಲಿ ಇಟ್ಟು ಮತ್ತೆ ಅಳೆಯಿರಿ. ಎರಡೂ ಬದಿಯ ಅಳತೆ ಹತ್ತಿರ ಹತ್ತಿರ ಬಂದರೆ ಬಣ್ಣ ಹಚ್ಚಿಸಿ. ಮಿಸ್ತ್ರಿಯ ಕೊನೆಯ ಕಂತನ್ನು ಈ ಅಳತೆ ಆದ ಮೇಲೇ ಕೊಡಿ.